ಉಸ್ತಾದ್ ಹೇಳಿದ್ದು, ನಾನು ಮಾಡಿದ್ದು

ಶಿರಾದ ನಮ್ಮ ಮೊಹಲ್ಲಾದ ಮಸೀದಿಯಲ್ಲಿ ಇಶಾ ನಮಾಝಿನ ಬಳಿಕ ಹತ್ತು ಹನ್ನೆರಡು ಮಂದಿ ಯುವಕರು ಕುಳಿತು ದೀನಿನ ಮಾತು ಕೇಳುವ ಪದ್ಧತಿ ಇದೆ. ನಮ್ಮದು ಹೆದ್ದಾರಿಯ ಊರು. ಆದ್ದರಿಂದ ಅವರಲ್ಲಿ ಹೆಚ್ಚಿನವರು ಗಾಡಿಗಳ ನಡುವೆ ದುಡಿಯುವವರು. ಪಂಕ್ಚರ್ ಅಂಗಡಿಯವರು, ಲಾರಿ ಕ್ಲೀನರುಗಳು, ಗ್ಯಾರೇಜಿನ ಹುಡುಗರು. ಒಂದು ರಾತ್ರಿ ಮಧುಗಿರಿ ಕಡೆಯಿಂದ ಬಂದು ಇಲ್ಲಿ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ಹತ್ತೊಂಬತ್ತು ವರ್ಷದ ಹುಡುಗ ಕೇಳಿದ:

"ಹಜ್ರತ್, ರೇಸಿನಲ್ಲಿ ಮಾಲೀಕ ಹೇಳಿದ ಅಂತ ಡ್ರೈವರ್ ಬೇಕಂತಲೇ ಕಾರನ್ನು ಗೋಡೆಗೆ ಗುದ್ದಿದರೆ ಗುನಾಹ್ ಯಾರ ಮೇಲೆ? ಹೇಳಿದವನ ಮೇಲೋ, ಗುದ್ದಿದವನ ಮೇಲೋ?"

ಉಳಿದವರು ನಕ್ಕರು. ಮೊಬೈಲಿನಲ್ಲಿ ಕಾರ್ ರೇಸ್ ನೋಡಿ ನೋಡಿ ಇವನ ತಲೆಯಲ್ಲಿ ಚಕ್ರಗಳೇ ತಿರುಗುತ್ತಿವೆ ಎಂದು ನಾನೂ ಅಂದುಕೊಂಡೆ. ಆದರೆ ಪ್ರಶ್ನೆ ಕೇಳಿದವನ ಮುಖದಲ್ಲಿ ನಗುವಿರಲಿಲ್ಲ. ಅವನು ಹೇಳಿದ ಘಟನೆಯನ್ನು ನಾನು ಆಮೇಲೆ ವಿಚಾರಿಸಿ ಓದಿ ತಿಳಿದುಕೊಂಡೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

2008ರ ಸೆಪ್ಟೆಂಬರ್ 28. ಸಿಂಗಾಪುರದ ಬೀದಿಗಳಲ್ಲಿ ಫಾರ್ಮುಲಾ ಒನ್ ಕಾರುಗಳ ಓಟ. ಈ ಪಂದ್ಯಾವಳಿಯ ಇತಿಹಾಸದಲ್ಲಿ ರಾತ್ರಿ ಹೊತ್ತು ದೀಪಗಳ ಬೆಳಕಿನಲ್ಲಿ ನಡೆದ ಮೊದಲ ಓಟ ಅದು. ನಮ್ಮ ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯರ ಫೋರ್ಸ್ ಇಂಡಿಯಾ ತಂಡದ ಕಾರುಗಳೂ ಅಲ್ಲಿದ್ದವು. ರೆನೊ ಎಂಬ ಫ್ರೆಂಚ್ ಕಂಪೆನಿಯ ತಂಡದಲ್ಲಿ ಇಬ್ಬರು ಚಾಲಕರು. ಒಬ್ಬರು ಎರಡು ಬಾರಿ ವಿಶ್ವ ಚಾಂಪಿಯನ್ ಆಗಿದ್ದ ಸ್ಪೇನಿನ ಫೆರ್ನಾಂಡೊ ಅಲೊನ್ಸೊ. ಇನ್ನೊಬ್ಬ ಬ್ರೆಜಿಲಿನ ಯುವಕ ನೆಲ್ಸನ್ ಪಿಕೆ ಜೂನಿಯರ್. ಅಲೊನ್ಸೊ ಅಂದು ಹದಿನೈದನೆಯ ಸ್ಥಾನದಿಂದ ಓಟ ಆರಂಭಿಸಬೇಕಾಗಿತ್ತು. ಇಕ್ಕಟ್ಟಾದ ಬೀದಿಗಳಲ್ಲಿ ಅಷ್ಟು ಹಿಂದಿನಿಂದ ಬಂದು ಗೆಲ್ಲುವುದು ಹೆಚ್ಚುಕಡಿಮೆ ಅಸಾಧ್ಯ.

ಅಲೊನ್ಸೊ ಎಲ್ಲರಿಗಿಂತ ಮೊದಲೇ ನಿಂತು ಇಂಧನ ತುಂಬಿಸಿಕೊಂಡರು. ಸ್ವಲ್ಪ ಹೊತ್ತಿನಲ್ಲೇ, ಹದಿನಾಲ್ಕನೆಯ ಸುತ್ತಿನಲ್ಲಿ, ಪಿಕೆಯ ಕಾರು ಹದಿನೇಳನೆಯ ತಿರುವಿನ ಬಳಿ ಗೋಡೆಗೆ ಬಡಿಯಿತು. ಇಂಥ ಅಪಘಾತವಾದಾಗ ಸುರಕ್ಷಾ ಕಾರೊಂದು ಬಂದು ಎಲ್ಲರ ಮುಂದೆ ನಿಧಾನವಾಗಿ ಓಡುತ್ತದೆ. ಅದನ್ನು ಯಾರೂ ದಾಟುವಂತಿಲ್ಲ. ಮುಂದಿದ್ದವರು ಕಷ್ಟಪಟ್ಟು ಗಳಿಸಿದ ಅಂತರವೆಲ್ಲ ಕರಗಿಹೋಗುತ್ತದೆ. ಇನ್ನೂ ಇಂಧನಕ್ಕೆ ನಿಲ್ಲಬೇಕಾದವರಿಗೆ ನಷ್ಟ, ಆಗಲೇ ನಿಂತು ಬಂದವನಿಗೆ ಲಾಭ. ಅಲೊನ್ಸೊ ಗೆದ್ದರು. ಸಂಭ್ರಮ ನಡೆಯಿತು. ಪಿಕೆ ತನ್ನಿಂದ ತಪ್ಪಾಯಿತೆಂದು ಹೇಳಿದ. ಜನ ನಂಬಿದರು.

ಮುಂದಿನ ವರ್ಷ ತಂಡವು ಪಿಕೆಯನ್ನು ಕೆಲಸದಿಂದ ತೆಗೆಯಿತು. ಆಗ ಅವನು ಬಾಯಿಬಿಟ್ಟ. ಓಟಕ್ಕೆ ಮೊದಲು ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೋರೆ ಮತ್ತು ಮುಖ್ಯ ಇಂಜಿನಿಯರ್ ಪ್ಯಾಟ್ ಸೈಮಂಡ್ಸ್ ತನ್ನನ್ನು ಕರೆದು ಅಪಘಾತ ಮಾಡುವಂತೆ ಕೇಳಿದರೆಂದೂ, ಯಾವ ತಿರುವಿನಲ್ಲಿ ಗುದ್ದಿದರೆ ಎತ್ತುವ ಕ್ರೇನ್ ಹತ್ತಿರವಿಲ್ಲವೆಂದು ನಕ್ಷೆಯಲ್ಲಿ ತೋರಿಸಿದರೆಂದೂ ಲಿಖಿತ ಹೇಳಿಕೆ ಕೊಟ್ಟ. ಬ್ರಿಯಾಟೋರೆ ಅದನ್ನು ಅಲ್ಲಗಳೆದರು. ಈ ಆಲೋಚನೆ ಮೊದಲು ಬಂದದ್ದು ಪಿಕೆಗೇ ಎಂದು ಸೈಮಂಡ್ಸ್ ಹೇಳಿದರು. ತಂಡ ಮಾತ್ರ ಆರೋಪವನ್ನು ಎದುರಿಸದೆ ಆ ಇಬ್ಬರನ್ನೂ ಬಿಟ್ಟುಕೊಟ್ಟಿತು. 2009ರ ಸೆಪ್ಟೆಂಬರ್ 21ರಂದು ಪ್ಯಾರಿಸಿನಲ್ಲಿ ಕ್ರೀಡಾಸಂಸ್ಥೆಯ ತೀರ್ಪು ಬಂತು. ಬ್ರಿಯಾಟೋರೆಗೆ ಅನಿರ್ದಿಷ್ಟ ಕಾಲದ ನಿಷೇಧ, ಸೈಮಂಡ್ಸ್‌ಗೆ 5 ವರ್ಷ. ಸತ್ಯ ಹೇಳಿದ ಪಿಕೆಗೆ ಮಾಫಿ. ಅಲೊನ್ಸೊಗೆ ಈ ವಿಷಯ ಗೊತ್ತಿತ್ತೆಂಬುದಕ್ಕೆ ಪುರಾವೆ ಸಿಗಲಿಲ್ಲ.

ಇಸ್ಲಾಮ್ ಓಟದ ಸ್ಪರ್ಧೆಗೆ ವಿರೋಧಿಯೇ? ಖಂಡಿತ ಅಲ್ಲ. ಪ್ರವಾದಿವರ್ಯರು(ಸ) ಸ್ವತಃ ಕುದುರೆಗಳ ಓಟ ಏರ್ಪಡಿಸಿದ್ದರು. ಪಳಗಿಸಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾದವರೆಗಿನ ಐದಾರು ಮೈಲಿ, ಪಳಗಿಸದವಕ್ಕೆ ಅಲ್ಲಿಂದ ಬನೂ ಝುರೈಕ್ ಮಸೀದಿಯವರೆಗಿನ ಒಂದು ಮೈಲಿ. ಇಬ್ನು ಉಮರ್(ರ) ಆ ಓಟದಲ್ಲಿ ಸ್ವತಃ ಪಾಲ್ಗೊಂಡಿದ್ದರೆಂದು ಬುಖಾರಿಯಲ್ಲಿದೆ. ಬಲ್ಲ ಕುದುರೆಗೂ ಹೊಸ ಕುದುರೆಗೂ ಬೇರೆ ಬೇರೆ ದೂರ! ದುರ್ಬಲನನ್ನು ಬಲಿಷ್ಠನ ಜೊತೆ ನಿಲ್ಲಿಸಿ ಸೋಲಿಸುವುದು ಕೂಡಾ ಅಲ್ಲಿ ನ್ಯಾಯವೆನಿಸಿರಲಿಲ್ಲ. ಪ್ರವಾದಿ(ಸ)ರ ಅಝ್ಬಾ ಎಂಬ ಒಂಟೆಯನ್ನು ಯಾವ ಒಂಟೆಯೂ ಹಿಂದಿಕ್ಕಿರಲಿಲ್ಲ. ಒಂದು ದಿನ ಯಾರೋ ಒಬ್ಬ ಹಳ್ಳಿಗನ ಒಂಟೆ ಅದನ್ನು ದಾಟಿ ಮುಂದೆ ಹೋಯಿತು. ಸಹಾಬಿಗಳಿಗೆ ಬಹಳ ನೋವಾಯಿತು. ಪ್ರವಾದಿವರ್ಯರು(ಸ) ನೊಂದುಕೊಳ್ಳಲಿಲ್ಲ. ಈ ಲೋಕದಲ್ಲಿ ಮೇಲೇರಿದ್ದನ್ನು ಕೆಳಗಿಳಿಸುವುದು ಅಲ್ಲಾಹನ ಕ್ರಮವೆಂದು ಅವರಿಗೆ ತಿಳಿಹೇಳಿದರು. ಆ ಹಳ್ಳಿಗನನ್ನು ಯಾರೂ ಕರೆದು 'ಸ್ವಲ್ಪ ಹಗ್ಗ ಎಳೆದು ಹಿಡಿ' ಎಂದು ಹೇಳಿರಲಿಲ್ಲ ಎಂಬುದನ್ನು ಗಮನಿಸಿರಿ.

ಇನ್ನೂ ಸೂಕ್ಷ್ಮವಾದ ಮಾತೊಂದು ಅಬೂದಾವೂದ್ ಗ್ರಂಥದಲ್ಲಿದೆ. ಓಟದಲ್ಲಿ ಜಲಬ್ ಇಲ್ಲ, ಜನಬ್ ಇಲ್ಲ ಎಂಬುದು ಅದರ ತಾತ್ಪರ್ಯ. ಜಲಬ್ ಎಂದರೆ ಹಿಂದೊಬ್ಬನನ್ನು ಇಟ್ಟುಕೊಂಡು ಕೂಗಾಡಿಸಿ ಕುದುರೆಯನ್ನು ಓಡಿಸುವುದು. ಜನಬ್ ಎಂದರೆ ಪಕ್ಕದಲ್ಲಿ ಇನ್ನೊಂದು ಕುದುರೆಯನ್ನು ಕರೆತಂದು, ತನ್ನದು ದಣಿದಾಗ ಅದರ ಮೇಲೆ ಹಾರಿ ಕುಳಿತುಕೊಳ್ಳುವುದು. ಇದನ್ನು ಮದ್ರಸದಲ್ಲಿ ಓದುವಾಗ, ಇಂಥ ಮೋಸ ಈ ಕಾಲದಲ್ಲಿ ಯಾರು ಮಾಡುತ್ತಾರೆ ಎಂದು ನಮಗೆ ನಗು ಬಂದಿತ್ತು. 2020ರ ಮೇ ತಿಂಗಳಲ್ಲಿ, ಕೊರೋನಾದಿಂದ ಎಲ್ಲರೂ ಮನೆಯಲ್ಲಿದ್ದಾಗ, ವಿದ್ಯುತ್ ಕಾರುಗಳ ಫಾರ್ಮುಲಾ ಇ ಚಾಲಕರು ಮನೆಯಿಂದಲೇ ಕಂಪ್ಯೂಟರಿನಲ್ಲಿ ರೇಸ್ ನಡೆಸಿದರು. ಅದರಲ್ಲಿ ಜರ್ಮನಿಯ ಡೇನಿಯಲ್ ಆಪ್ಟ್ ಎಂಬ ಚಾಲಕ ತನ್ನ ಹೆಸರಿನಲ್ಲಿ ಬೇರೊಬ್ಬ ನಿಪುಣ ಹುಡುಗನನ್ನು ಕೂರಿಸಿ ಆಡಿಸಿ ಸಿಕ್ಕಿಬಿದ್ದ. 10,000 ಯೂರೋ ದಾನ ಕೊಡುವಂತೆ ಆದೇಶವಾಯಿತು, ತಂಡವೂ ಅವನನ್ನು ಅಮಾನತು ಮಾಡಿತು. ಹದಿನಾಲ್ಕು ಶತಮಾನದ ಹಿಂದಿನ ಜನಬ್ ಅದೇ! ಕುದುರೆ ಬದಲಾಯಿತು, ಸವಾರನ ಬುದ್ಧಿ ಬದಲಾಗಲಿಲ್ಲ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಪಿಕೆಗೂ ಒಂದು ಕಷ್ಟವಿತ್ತು. ಮುಂದಿನ ವರ್ಷದ ಕರಾರು ಇನ್ನೂ ಆಗಿರಲಿಲ್ಲ. ಒಲ್ಲೆ ಎಂದರೆ ಕೆಲಸ ಹೋದೀತೆಂಬ ಭಯ. ಹೊಟ್ಟೆಪಾಡಿಗಾಗಿ ದುಡಿಯುವ ಯಾರಿಗೂ ಈ ಭಯ ಅರ್ಥವಾಗುತ್ತದೆ. ಆದರೆ ಹದೀಸಿನಲ್ಲಿ ಇದಕ್ಕಿಂತ ಕಠಿಣವಾದ ಪರೀಕ್ಷೆಯ ಪ್ರಸಂಗವಿದೆ. ಪ್ರವಾದಿವರ್ಯರು(ಸ) ಒಂದು ಪಡೆಯನ್ನು ಕಳುಹಿಸಿ, ನಾಯಕನ ಮಾತು ಕೇಳಬೇಕೆಂದು ತಾಕೀತು ಮಾಡಿದ್ದರು. ದಾರಿಯಲ್ಲಿ ಆ ನಾಯಕನಿಗೆ ಏನೋ ಕೋಪ ಬಂತು. ಕಟ್ಟಿಗೆ ಕೂಡಿಸಿ ಬೆಂಕಿ ಹೊತ್ತಿಸಲು ಹೇಳಿದ. ಹೊತ್ತಿಸಿದರು. ಅದರೊಳಗೆ ಹಾರಿರೆಂದ. ಕೆಲವರು ಹಾರಲು ಸಿದ್ಧರಾದರು! ಇನ್ನು ಕೆಲವರು, ಬೆಂಕಿಯಿಂದ ಪಾರಾಗಲಿಕ್ಕೆಂದೇ ನಾವು ಪ್ರವಾದಿಯ ಬಳಿಗೆ ಓಡಿಬಂದವರಲ್ಲವೇ ಎಂದು ಮುಖಮುಖ ನೋಡಿಕೊಂಡರು. ಅಷ್ಟರಲ್ಲಿ ಬೆಂಕಿ ಆರಿತು, ನಾಯಕನ ಕೋಪವೂ ಇಳಿಯಿತು. ಸುದ್ದಿ ಕೇಳಿದ ಪ್ರವಾದಿವರ್ಯರು(ಸ), ಹಾರಿದ್ದರೆ ಅವರು ಅದರಿಂದ ಎಂದೂ ಹೊರಬರುತ್ತಿರಲಿಲ್ಲ, ವಿಧೇಯತೆ ಇರುವುದು ಒಳಿತಿನಲ್ಲಿ ಮಾತ್ರ ಎಂದು ಸ್ಪಷ್ಟಪಡಿಸಿದರು. ನಾಯಕರಾಗಿದ್ದವರು ಪ್ರವಾದಿಯೇ ನೇಮಿಸಿದವರು. ಆದರೂ ಹಾರುವವನ ಲೆಕ್ಕ ಹಾರುವವನದೇ. ಹಾಗಿರುವಾಗ ಸಂಬಳ ಕೊಡುವ ಮಾಲೀಕನ ಮಾತಿಗೆ ಎಷ್ಟು ತೂಕ? ನಾವು ನಮ್ಮ ಯಜಮಾನರ, ಹಿರಿಯರ ಮಾತು ಕೇಳಿ ಕೆಟ್ಟೆವು ಎಂದು ಪರಲೋಕದಲ್ಲಿ ಗೋಳಾಡುವವರ ಚಿತ್ರವನ್ನು ಕುರ್‌ಆನಿನ ಅಲ್ ಅಹ್ಝಾಬ್ ಅಧ್ಯಾಯ ಕೊಡುತ್ತದೆ. ಆ ಗೋಳು ಅವರನ್ನು ಬಿಡಿಸುವುದಿಲ್ಲ.

ಪಿಕೆಯ ಕಾರಿನಲ್ಲಿ ಯಂತ್ರವೊಂದು ಪ್ರತಿಯೊಂದನ್ನೂ ದಾಖಲಿಸುತ್ತಿತ್ತು. ಚಕ್ರ ಜಾರತೊಡಗಿದಾಗ ಯಾವ ಚಾಲಕನಾದರೂ ವೇಗ ತಗ್ಗಿಸುತ್ತಾನೆ. ಇವನ ಕಾಲು ವೇಗದ ಪೆಡಲನ್ನು ಇನ್ನೂ ಒತ್ತಿತ್ತು. ನಾಲಿಗೆ 'ತಪ್ಪಾಯಿತು' ಎಂದು ಹೇಳಿತು, ಕಾಲು ನಿಜ ಹೇಳಿತು. ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತನಾಡುವ, ಕಾಲುಗಳು ಸಾಕ್ಷಿ ನುಡಿಯುವ ದಿನದ ಬಗ್ಗೆ ಸೂರಃ ಯಾಸೀನ್‌ನಲ್ಲಿ ನಾವು ಎಷ್ಟು ಬಾರಿ ಓದಿಲ್ಲ!

ಈ ಮೋಸದಿಂದ ಕೆಟ್ಟವರು ಯಾರು? ಅಂದು ಎಲ್ಲರಿಗಿಂತ ಮುಂದಿದ್ದ ಬ್ರೆಜಿಲಿನ ಫೆಲಿಪೆ ಮಾಸಾ. ಸುರಕ್ಷಾ ಕಾರು ಬಂದ ಗಡಿಬಿಡಿಯಲ್ಲಿ ಇಂಧನದ ಕೊಳವೆ ಸಿಕ್ಕಿಕೊಂಡಂತೆಯೇ ಅವರ ಕಾರು ಹೊರಟುಬಿಟ್ಟಿತು. ಅವರು ಹದಿಮೂರನೆಯವರಾದರು. ಒಂದು ಅಂಕವೂ ಸಿಗಲಿಲ್ಲ. ವರ್ಷದ ಕೊನೆಗೆ ಲೂಯಿಸ್ ಹ್ಯಾಮಿಲ್ಟನ್ 98, ಮಾಸಾ 97. ಒಂದೇ ಅಂಕದಿಂದ ವಿಶ್ವ ಪ್ರಶಸ್ತಿ ಹೋಯಿತು. ತಂಡದವರ ಎಡವಟ್ಟೂ ಅದರಲ್ಲಿತ್ತು ನಿಜ. ಆದರೆ ತನಗೆ ಅನ್ಯಾಯವಾಗಿದೆಯೆಂಬುದೇ ಗೊತ್ತಿಲ್ಲದೆ ಆ ಮನುಷ್ಯ ಒಂದು ವರ್ಷ ಕಳೆದ. 2024ರಲ್ಲಿ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದ. ಗುದ್ದಿದವನ ಕಣ್ಣಿಗೆ ಗೋಡೆ ಮಾತ್ರ ಕಂಡಿತ್ತು, ಮಾಸಾ ಕಂಡಿರಲಿಲ್ಲ.

ಶಿಕ್ಷೆಯ ಕಥೆ ಇನ್ನೂ ವಿಚಿತ್ರ. 2010ರ ಜನವರಿಯಲ್ಲಿ ಫ್ರಾನ್ಸಿನ ನ್ಯಾಯಾಲಯವು ಆ ನಿಷೇಧಗಳು ಕ್ರಮಬದ್ಧವಲ್ಲವೆಂದು ರದ್ದುಪಡಿಸಿತು. ಬ್ರಿಯಾಟೋರೆ 2024ರಲ್ಲಿ ಅದೇ ಕಂಪೆನಿಯ ತಂಡಕ್ಕೆ ಸಲಹೆಗಾರರಾಗಿ ಮರಳಿದರು. ದೂರದ ಮಾತೇಕೆ, ನಮ್ಮ ಕರ್ನಾಟಕವನ್ನೇ ನೋಡಿರಿ. 2019ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟಿನಲ್ಲಿ ಹಣ ಪಡೆದು ನಿಧಾನವಾಗಿ ಆಡಿದರೆಂಬ ಆರೋಪದ ಮೇಲೆ ಬೆಂಗಳೂರಿನ ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ರಾಜ್ಯದ ಹೈಕೋರ್ಟ್ ಆ ಮೊಕದ್ದಮೆಯನ್ನು ರದ್ದು ಮಾಡಿತು. ಆಟವನ್ನು ಮೊದಲೇ ಗೊತ್ತುಮಾಡಿಕೊಂಡರೆ ಪ್ರೇಕ್ಷಕರಿಗೆ ಮೋಸ ಹೋದೆವೆಂದು ಅನಿಸಬಹುದು, ಆದರೆ ಟಿಕೆಟನ್ನು ಅವರು ತಾವಾಗಿಯೇ ಕೊಂಡದ್ದು, ಆದ್ದರಿಂದ ಇದು ದಂಡಸಂಹಿತೆಯ 420ನೇ ಕಲಮಿನ ವಂಚನೆಯಾಗುವುದಿಲ್ಲ, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂಬುದು ತೀರ್ಪಿನ ಸಾರ. ಆರೋಪ ಸಾಬೀತಾಗದವರ ಹೆಸರನ್ನು ಇಲ್ಲಿ ಎತ್ತಿ ಆಡುವುದು ನಮಗೆ ಸಲ್ಲದು. ಬದ್‌ಗುಮಾನಿಯೂ ಗುನಾಹ್. ಕಾನೂನು ತನ್ನ ಗೆರೆ ದಾಟದಿರುವುದೇ ಸರಿ.

ಆದರೆ ಸತ್ಯವಿಶ್ವಾಸಿಯ ಗೆರೆ ಅಲ್ಲಿಗೆ ಮುಗಿಯುತ್ತದೆಯೇ? ಮದೀನದ ಪೇಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈಯಿಟ್ಟರು. ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತೆಂದು ಮಾರುವವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ಕೇಳಿ, ಮೋಸ ಮಾಡುವವನು ತಮ್ಮವನಲ್ಲವೆಂದು ಸಾರಿದರು. ಯಾರೂ ಇನ್ನೂ ದೂರು ಕೊಟ್ಟಿರಲಿಲ್ಲ, ಒಂದು ಹಿಡಿ ಮಾರಾಟವಾದ ಮಾತೂ ಅಲ್ಲಿಲ್ಲ.

ಈ ಧಾನ್ಯದ ರಾಶಿಯ ಮಾತು ಹೇಳಿ ಮುಗಿಸಿದ ರಾತ್ರಿ ಎಲ್ಲರೂ ಎದ್ದು ಹೋದರು. ಆ ಹುಡುಗ ಮಾತ್ರ ಚಪ್ಪಲಿ ಹುಡುಕುವವನಂತೆ ಬಾಗಿಲಲ್ಲೇ ನಿಂತಿದ್ದ.

"ಹಜ್ರತ್, ಗಾಡಿಯಲ್ಲಿ ರಾಶಿಯ ಮೇಲ್ಭಾಗ ಅಂದರೆ ಮೀಟರ್ ಅಲ್ವಾ?" ಎಂದ.

ಹಳೆಯ ಬೈಕ್ ಮಾರುವಾಗ ಗಿರಾಕಿ ಮೊದಲು ನೋಡುವುದು ಎಷ್ಟು ಕಿಲೋಮೀಟರ್ ಓಡಿದೆ ಎಂದು. ಅವನ ಗ್ಯಾರೇಜಿನಲ್ಲಿ ಆ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ಕೆಲಸ ಇವನ ಪಾಲಿಗೆ ಬಂದಿತ್ತು. 68 ಸಾವಿರ ಓಡಿದ ಒಂದು ಬೈಕನ್ನು 24 ಸಾವಿರ ಮಾಡಿದ್ದ. ಅದನ್ನು ಪಾವಗಡ ಕಡೆಯ ಒಬ್ಬ ಕಡಲೆಕಾಯಿ ಬೆಳೆಗಾರ ಕೊಂಡುಹೋಗಿದ್ದ. "ಉಸ್ತಾದ್ ಹೇಳಿದ್ದು, ನಾನು ಮಾಡಿದ್ದು. ದುಡ್ಡು ನನ್ನ ಕೈಗೆ ಬಂದಿಲ್ಲ" ಎಂದ. ಆಮೇಲೆ, ಸ್ವಲ್ಪ ತಡೆದು, "ಆ ರೈತನಿಗೆ ಇವತ್ತಿಗೂ ಗೊತ್ತಿಲ್ಲ" ಎಂದ.

ಇಲ್ಲಿ ನನ್ನ ಕಥೆಯನ್ನೂ ಹೇಳಬೇಕು. ಆ ಗ್ಯಾರೇಜಿನ ಯಜಮಾನರು ಪ್ರತಿ ರಮಝಾನಿನಲ್ಲಿ ನಮ್ಮ ಮದ್ರಸಕ್ಕೆ ಕೈಯೆತ್ತಿ ಕೊಡುವವರು. ಅವರ ಉದಾರತೆಯನ್ನು ನಾನು ಮಿಂಬರಿನ ಬಳಿ ನಿಂತು ಹೊಗಳಿದ್ದೇನೆ. ಹುಡುಗನಿಗೆ ಉತ್ತರ ಕೊಡುವ ಮೊದಲು ಒಂದು ಕ್ಷಣ ನನಗೆ ಮದ್ರಸದ ಮಕ್ಕಳ ಊಟದ ಲೆಕ್ಕ ನೆನಪಾಯಿತು. ಸುಮ್ಮನಿರು, ತೌಬಾ ಮಾಡಿಕೋ, ಅಲ್ಲಾಹನು ಕ್ಷಮಿಸುವವನು ಎಂದು ಹೇಳಿ ಕಳಿಸಿಬಿಡುವುದು ಸುಲಭವಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡಾ. ನನಗೂ ಒಬ್ಬ ಉಸ್ತಾದ್ ಇದ್ದಾನೆಂದು ಅಂದು ಗೊತ್ತಾಯಿತು.

ದಾಸರ ಹಕ್ಕನ್ನು ದಾಸರಿಗೆ ತಲುಪಿಸದೆ ತೌಬಾ ಪೂರ್ತಿಯಾಗುವುದಿಲ್ಲವೆಂದೇ ನಮ್ಮ ಇಮಾಮರುಗಳು ಕಲಿಸಿದ್ದು. ಮರೆಮಾಚಿದ ದೋಷ ತಿಳಿದಾಗ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗೆ ಫಿಕ್ಹ್‌ನಲ್ಲಿ ಇದೆ. ಆದರೆ ದೋಷವಿದೆಯೆಂದು ಅವನಿಗೆ ಹೇಳುವವರು ಬೇಕಲ್ಲ! ಅದನ್ನೇ ಹುಡುಗನಿಗೆ ಹೇಳಿದೆ. ಅವನು ಮೊದಲು ಉಸ್ತಾದರ ಮುಂದೆ ನಿಂತು, ಇಂಜಿನ್ ಕೆಲಸ ಎಷ್ಟು ಬೇಕಾದರೂ ಮಾಡುತ್ತೇನೆ, ಮೀಟರ್ ಮುಟ್ಟುವುದಿಲ್ಲ ಎಂದ. ಪಿಕೆ ಬಾಯಿಬಿಟ್ಟದ್ದು ಕೆಲಸ ಹೋದ ಮೇಲೆ, ಇವನು ಕೆಲಸ ಇದ್ದಾಗಲೇ. ಮರುದಿನದಿಂದ ಕೆಲಸ ಇರಲಿಲ್ಲ.

ಒಂದು ಭಾನುವಾರ ನಾವಿಬ್ಬರೂ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಪಾವಗಡಕ್ಕೆ ಹೋದೆವು. ರೈತ ಹೊಲದಿಂದ ಬರುವವರೆಗೆ ಅವರ ಜಗುಲಿಯಲ್ಲಿ ಕುಳಿತಿದ್ದೆವು. ಬೈಕ್ ಅಲ್ಲೇ ಗೋಡೆಗೆ ಒರಗಿ ನಿಂತಿತ್ತು. ಹುಡುಗ ಅದರ ಕಡೆ ನೋಡಲಿಲ್ಲ. ವಿಷಯ ಕೇಳಿ ರೈತ ಮೊದಲು ಸಿಟ್ಟಾದರು. ಆಮೇಲೆ ಬಹಳ ಹೊತ್ತು ಸುಮ್ಮನಿದ್ದು, "ಗಾಡಿ ಹೆಣ್ಣುಮಗಳ ಕಾಲೇಜಿಗೆ ಅಂತ ತಗೊಂಡಿದ್ದು, ವಾಪಸ್ ಕೊಟ್ಟರೆ ಅವಳು ಹೋಗೋದು ಹೇಗಪ್ಪಾ? ಹೆಚ್ಚಿಗೆ ತಗೊಂಡಿದ್ದು ಎಷ್ಟು ಅಂತ ನೀನೇ ಹೇಳು" ಎಂದರು. ಹುಡುಗ ಎಂಟು ಸಾವಿರ ಎಂದ. ಮಾಲೀಕರು ಕೊಡುತ್ತಾರೆಂಬ ಭರವಸೆ ಇರಲಿಲ್ಲ. ತಾನೇ ತಿಂಗಳಿಗೆ ಐನೂರರಂತೆ ಕೊಡುವೆನೆಂದು ಒಪ್ಪಿಕೊಂಡ.

ಈಗ ಅವನು ಕೊರಟಗೆರೆಯಲ್ಲಿ ಒಂದು ಪಂಕ್ಚರ್ ಅಂಗಡಿಯಲ್ಲಿದ್ದಾನೆ. ಸಂಬಳ ಮೊದಲಿನದರ ಅರ್ಧ. ಮೂರು ಕಂತು ತಲುಪಿವೆ. ಗ್ಯಾರೇಜಿನ ಯಜಮಾನರ ಬಳಿಗೆ ನಾನು ಎರಡು ಬಾರಿ ಹೋಗಿ ಬಂದೆ. ಮೊದಲನೆಯ ಸಲ ಚಹಾ ತರಿಸಿದರು. ಎರಡನೆಯ ಸಲ ತರಿಸಲಿಲ್ಲ. ಬರುವ ಶುಕ್ರವಾರದ ನಂತರ ಮತ್ತೊಮ್ಮೆ ಹೋಗಬೇಕು.