ಯಾತಯಾಮ

ಜಾವ ಕಳೆದ ಆಹಾರವನ್ನು ಗೀತೆಯ 17ನೆಯ ಅಧ್ಯಾಯವು ‘ಯಾತಯಾಮ’ವೆಂದು ಕರೆದು ತಾಮಸದಲ್ಲಿ ಎಣಿಸಿದೆ. ಮಾತು ಬೆಂದ ಅನ್ನದ್ದಾದರೂ 2020ರಲ್ಲಿ ನನಗೆ ಅದರ ಅರ್ಥ ಹೊಳೆದದ್ದು ಹಸಿಯ ಕೊತ್ತಂಬರಿಯಿಂದ. ಡೊಂಬಿವಲಿಯ ನಮ್ಮ ಮನೆಯಲ್ಲಿ ಹದಿನೈದು ದಿನಗಳ ಕಾಯಿಪಲ್ಲೆಯನ್ನು ಒಮ್ಮೆಗೇ ಕೊಂಡು, ಸೋಂಕಿನ ಭಯದಿಂದ ತೊಳೆದು, ಒದ್ದೆಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿನಲ್ಲಿಟ್ಟೆವು. ನೀರಿನ ಪಸೆಗೆ ಸೊಪ್ಪು ಮೂರೇ ದಿನದಲ್ಲಿ ಕೊಳೆಯಿತು. (ರೈಲ್ವೆಯಲ್ಲಿ ದುಡಿದವನಿಗೂ ಸರಕಿಗೆ ಗಾಳಿಯಾಡಬೇಕೆಂಬುದು ನೆನಪಾಗಲಿಲ್ಲ!) ಅಂಥದು ನೈವೇದ್ಯಕ್ಕೆ ಸಲ್ಲುವುದೆಂತು? ಮೇ ತಿಂಗಳಲ್ಲಿ ವಾಶಿಯ ಸಗಟು ಮಾರುಕಟ್ಟೆ ವಾರಕಾಲ ಮುಚ್ಚಿದಾಗಲಂತೂ ಇನ್ನಷ್ಟು ಕೂಡಿಟ್ಟೆವು.

ಜುಲೈ 1ರಂದು ಶಯನೀ ಏಕಾದಶಿ. ಮರುದಿನದಿಂದ ಕಲ್ಯಾಣ-ಡೊಂಬಿವಲಿಯಲ್ಲಿ ಮತ್ತೆ ಲಾಕ್‌ಡೌನ್. ಊರೆಲ್ಲ ಚೀಲ ಹಿಡಿದು ಓಡಿತು. ಶಾಕವ್ರತದ ನಮಗೆ ಹೆಸರುಬೇಳೆ, ಮೆಣಸು, ಜೀರಿಗೆಗಳೇ ಸಾಕಾದವು. ಉಳಿದಿದ್ದ ಒಳ್ಳೆಯ ಕಾಯಿಗಳನ್ನು ದಶಮಿಯ ಸಂಜೆಯೇ ಕಾವಲುಗಾರನ ಮನೆಗೆ ಕೊಟ್ಟೆವು. ಅವನ ಮಕ್ಕಳು ಅಂದೇ ಉಂಡರು.