ಮನೆಯ ನಂಬರು

“ಮನೆ ನಂಬರ್ ಕೊಡಿ” ಅಂತ ನಿಮ್ಮನ್ನು ಯಾರಾದರೂ ಕೇಳಿ ಎಷ್ಟು ವರ್ಷವಾಯ್ತು? ಈಗ ಕೇಳಿದರೆ ನಾವು ಫ್ಲಾಟ್ ನಂಬರ್ ಹೇಳುತ್ತೇವೆ. ಫೋನು ಮನೆಗೆ ಸೇರಿದ ವಸ್ತುವಾಗಿತ್ತು, ಅದಕ್ಕೆಂದೇ ಒಂದು ಸ್ಟ್ಯಾಂಡ್ ಇತ್ತು, ಅದರ ಮೇಲೆ ಕಸೂತಿ ಹಾಕಿದ ಬಟ್ಟೆ ಇರುತ್ತಿತ್ತು ಅಂದರೆ ನನ್ನ ಟೀಮಿನ ಹೊಸ ಹುಡುಗರಿಗೆ ಹಳೇ ಸಿನಿಮಾದ ಸೆಟ್ ನೆನಪಾಗುತ್ತದೆ. ಅವರಲ್ಲಿ ಕೆಲವರು ಬೇರೆಯವರಿಗೆ ಬಂದ ಫೋನನ್ನು ಒಮ್ಮೆಯೂ ಎತ್ತಿ ಮಾತಾಡಿದವರಲ್ಲ. ಅಂಥ ಸಂದರ್ಭವೇ ಅವರಿಗೆ ಬಂದಿಲ್ಲ.

ಕಳೆದ ವರ್ಷ ಊರಿನ ಮನೆಯ ಲ್ಯಾಂಡ್‌ಲೈನ್ ಸರೆಂಡರ್ ಮಾಡಿ, ಬ್ರಾಡ್‌ಬ್ಯಾಂಡನ್ನು ಸಿಮ್ ಹಾಕುವ ವೈಫೈ ರೂಟರಿಗೆ ಬದಲಾಯಿಸಿದೆವು. ತೀರ್ಥಹಳ್ಳಿ ಕಡೆಯ ಊರು ನಮ್ಮದು. ಮಳೆಗಾಲದಲ್ಲಿ ಮರ ಬಿದ್ದರೆ ತಂತಿ ಹೋಯ್ತು, ತಂತಿ ಹೋದರೆ ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ಎದುರಿನ ಗುಡ್ಡದ ಮೇಲೆ 4ಜಿ ಟವರ್ ಬಂದ ಮೇಲೆ ಲೆಕ್ಕ ಸುಲಭವಿತ್ತು. ವೇಗ ಹೆಚ್ಚು, ಖರ್ಚು ಕಡಿಮೆ, ಕಂಬ ಹತ್ತುವವರಿಗಾಗಿ ಕಾಯುವುದಿಲ್ಲ. ಅಪ್ಪಯ್ಯ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಇಂಟರ್‌ನೆಟ್ ಬದಲಾಯಿಸು ಮಾರಾಯ, ಬೇಡ ಅಂದವರ್ಯಾರು? ಇನ್ನು ಮನೆಗೆ ಫೋನ್ ಮಾಡೋರು ಯಾರಿಗೆ ಮಾಡ್ಬೇಕು?”

“ನಿಮಗೆ ಮಾಡ್ತಾರೆ, ಇಲ್ಲಾಂದ್ರೆ ಅಮ್ಮಂಗೆ ಮಾಡ್ತಾರೆ.”

“ಅದು ನಂಗೋ ಅವಳಿಗೋ ಮಾಡಿದ್ದಾಯ್ತು. ಮನೆಗೆ ಮಾಡಿದ್ದು ಹೇಗಾಗ್ತದೆ?”

ಮೊದಲಿಗೆ ಇದು ಹಿರಿಯರ ಹಠ ಅನ್ನಿಸಬಹುದು. ಆದರೆ ಅದು ಸರಿಯಾದ ಪ್ರಶ್ನೆ. ನಾವು ಬದಲಾಯಿಸುತ್ತಿದ್ದದ್ದು ಬರೀ ಕನೆಕ್ಷನ್ ಆಗಿರಲಿಲ್ಲ. ಫೋನು ಯಾರದು ಅನ್ನುವುದನ್ನೂ ಬದಲಾಯಿಸುತ್ತಿದ್ದೆವು.

ನನ್ನ ಕಸುಬಿನ ಭಾಷೆಯಲ್ಲೇ ಇದನ್ನು ಮೊದಲು ನೋಡೋಣ. ಲ್ಯಾಂಡ್‌ಲೈನ್ ಅಂದರೆ ಎಕ್ಸ್‌ಚೇಂಜಿನಿಂದ ನಮ್ಮ ಮನೆವರೆಗೆ ಎಳೆದ ಒಂದು ಜೊತೆ ತಾಮ್ರದ ತಂತಿ. ಅದು ನಮ್ಮ ಮನೆಗೇ ಮೀಸಲು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ ಅದೇ ತಂತಿಯಲ್ಲಿ 48 ವೋಲ್ಟ್ ವಿದ್ಯುತ್ ಬರುವುದರಿಂದ ಮನೆಯಲ್ಲಿ ಕರೆಂಟ್ ಇಲ್ಲದಿದ್ದರೂ ಫೋನು ಜೀವಂತ. ಬ್ರಾಡ್‌ಬ್ಯಾಂಡ್ ಕೂಡ ಅದೇ ತಂತಿಯಲ್ಲಿ, ಮಾತಿಗಿಂತ ಮೇಲಿನ ಫ್ರೀಕ್ವೆನ್ಸಿಯಲ್ಲಿ ಬರುತ್ತಿತ್ತು. ಎಕ್ಸ್‌ಚೇಂಜ್ ದೂರವಾದಷ್ಟೂ ವೇಗ ಕಡಿಮೆ, ನಿಜ. ಆದರೆ ಪಕ್ಕದ ಮನೆಯವರು ಸಿನಿಮಾ ನೋಡಿದರೆ ನಮ್ಮ ತಂತಿಗೇನೂ ಆಗುವುದಿಲ್ಲ. ಮೊಬೈಲಿನದ್ದು ಇದಕ್ಕೆ ತಿರುವುಮುರುವು. ಒಂದು ಟವರಿನ ತರಂಗಾಂತರವನ್ನು ಸುತ್ತಲಿನವರೆಲ್ಲ ಹಂಚಿಕೊಳ್ಳಬೇಕು. ಸಂಜೆ ಐಪಿಎಲ್ ಮ್ಯಾಚಿದ್ದಾಗ ಊರಿಗೆ ಊರೇ ಫೋನ್ ಹಿಡಿದು ಕೂತರೆ ನನ್ನ ಆಫೀಸ್ ಕಾಲ್ ತಡವರಿಸುತ್ತದೆ.

ಇಲ್ಲೊಂದು ತಮಾಷೆ ಇದೆ. ಯಾರ ಜೊತೆಗೂ ಹಂಚಿಕೊಳ್ಳದ ತಂತಿಯ ತುದಿಯಲ್ಲಿದ್ದ ಫೋನು ಎಲ್ಲರದಾಗಿತ್ತು. ಎಲ್ಲರ ಜೊತೆ ಹಂಚಿಕೊಳ್ಳುವ ತರಂಗದ ತುದಿಯಲ್ಲಿರುವ ಫೋನು ‘ನನ್ನದು’, ಅದಕ್ಕೆ ಬೆರಳಚ್ಚಿನ ಬೀಗ ಬೇರೆ. ಹಂಚಿಕೆ ಮಾಯವಾಗಿಲ್ಲ, ಕಣ್ಣಿಗೆ ಕಾಣದ ಕಡೆಗೆ ಹೋಗಿದೆ. ಕಾಣದ ಹಂಚಿಕೆಯಲ್ಲಿ ಯಾರಿಗೆ ಯಾರ ಋಣವೂ ಅನ್ನಿಸುವುದಿಲ್ಲ.

ಕಂಡ ಹಂಚಿಕೆ ಹೇಗಿತ್ತು ಅನ್ನುವುದು ನನ್ನ ವಯಸ್ಸಿನ ಹಳ್ಳಿ ಮಕ್ಕಳಿಗೆ ಗೊತ್ತು. ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಧೂಳು, ಸೆಖೆಗೆ ಹೊಂದುವಂತೆ, ಏರ್ ಕಂಡೀಷನರ್ ಬೇಡದಂತೆ ತಯಾರಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ನಮ್ಮದೇ ಕಿತ್ತೂರಿನಲ್ಲಿ. ಅಲ್ಲಿಂದ ಮುಂದೆ ಹಳ್ಳಿಹಳ್ಳಿಗೆ ಫೋನು ಬಂತು, ಆದರೆ ಮನೆಮನೆಗೆ ಬರಲಿಲ್ಲ. ನಮ್ಮ ಮನೆಗೆ ಬಂದಾಗ ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಆಮೇಲೆ ನಮ್ಮ ನಂಬರು ಅಕ್ಕಪಕ್ಕದವರ ಮದುವೆ ಕಾಗದಗಳಲ್ಲಿ ‘ಪಿ.ಪಿ.’ ಅನ್ನುವ ಎರಡಕ್ಷರದ ಜೊತೆ ಅಚ್ಚಾಗತೊಡಗಿತು. ಪಿ.ಪಿ. ಅಂದರೆ ಫೋನು ಇವರದಲ್ಲ, ಇವರನ್ನು ಕರೆದುಕೊಡುವವರ ಮನೆಯದು. ಮುಂಬೈಯಿಂದ ಯಾರದೋ ಮಗ ಫೋನ್ ಮಾಡಿ “ಅಮ್ಮನ್ನ ಸ್ವಲ್ಪ ಕರೀತೀರಾ, ಹತ್ತು ನಿಮಿಷ ಬಿಟ್ಟು ಮತ್ತೆ ಮಾಡ್ತೀನಿ” ಅನ್ನುತ್ತಿದ್ದ. ನಾನು ಗದ್ದೆ ಬದುವಿನ ಮೇಲೆ ಓಡುತ್ತಿದ್ದೆ. ಸಾವಿನ ಸುದ್ದಿಯನ್ನೂ, ಬಾಣಂತನದ ಸುದ್ದಿಯನ್ನೂ ಹೀಗೆ ಹೊತ್ತು ಓಡಿದ್ದೇನೆ. ಮನೆಯಲ್ಲಿ ಫೋನು ಇದೆ ಅಂದರೆ ಓಡುವ ಕೆಲಸವೂ ಇದೆ ಎಂದೇ ಅರ್ಥ.

ಇಷ್ಟು ಹೇಳಿ ನಿಲ್ಲಿಸಿದರೆ ಇದೊಂದು ಸವಿನೆನಪಿನ ಬರಹವಾಗುತ್ತದೆ, ಸುಳ್ಳೂ ಆಗುತ್ತದೆ. ಯಾಕೆಂದರೆ ಆ ಫೋನು ಮನೆಯದು ಅಂದರೆ ಮನೆಯ ಯಜಮಾನನದು. ಎಷ್ಟೋ ಮನೆಗಳಲ್ಲಿ ಡಯಲ್ ತಿರುಗದಂತೆ ಸಣ್ಣದೊಂದು ಬೀಗ ಹಾಕುತ್ತಿದ್ದರು, ಕೀಲಿ ಯಾರ ಸೊಂಟದಲ್ಲಿರುತ್ತಿತ್ತು ಎಂದು ಹೇಳಬೇಕಿಲ್ಲ. ಫೋನು ಇರುತ್ತಿದ್ದದ್ದು ಎಲ್ಲರೂ ಓಡಾಡುವ ಜಾಗದಲ್ಲಿ. ಹೊಸದಾಗಿ ಮದುವೆಯಾಗಿ ಬಂದವಳು ತವರಿಗೆ ಮಾತಾಡುವಾಗ ಮೂರು ಜನರ ಕಿವಿ ಅವಳ ಮೇಲೆ. “ಆರಾಮಿದ್ದೀನಮ್ಮ” ಎಂದಷ್ಟೇ ಹೇಳಿ ಫೋನಿಟ್ಟ ಎಷ್ಟು ಹೆಂಗಸರಿಗೆ ಆ ದಿನ ಬೇರೇನೋ ಹೇಳುವುದಿತ್ತೋ!

ಇನ್ನೂ ಒಂದು ಮಾತು ಹೇಳಬೇಕು. ಪಿ.ಪಿ. ಫೋನಿಗೆ ಎಲ್ಲರೂ ಬರುತ್ತಿದ್ದರು, ಎಲ್ಲರೂ ಒಳಗೆ ಬರುತ್ತಿರಲಿಲ್ಲ. ಕೆಲವರು ನಡುಮನೆಗೆ ಬಂದು ಕುರ್ಚಿಯಲ್ಲಿ ಕೂತು ಮಾತಾಡಿ ಕಾಫಿ ಕುಡಿದು ಹೋಗುತ್ತಿದ್ದರು. ಕೇರಿಯ ಕಡೆಯಿಂದ ಬಂದವರಿಗೆ ರಿಸೀವರನ್ನು ಕಿಟಕಿಯಿಂದ ಹೊರಗೆ ಕೊಡಲಾಗುತ್ತಿತ್ತು. ಅವರು ಅಂಗಳದಲ್ಲಿ ನಿಂತು, ಸುರುಳಿ ವಯರು ಎಷ್ಟು ಉದ್ದ ಬರುತ್ತದೋ ಅಷ್ಟಕ್ಕೆ ಬಗ್ಗಿ ಮಾತಾಡುತ್ತಿದ್ದರು. ತಾಮ್ರದ ತಂತಿಗೆ ಜಾತಿ ಇರಲಿಲ್ಲ, ಅದು ಬಂದು ಸೇರಿದ ಮನೆಗೆ ಇತ್ತು. ಅದೇ ಅಂಗಳದಲ್ಲಿ ನಿಂತವರ ಮಕ್ಕಳು ಈಗ ತಮ್ಮ ಮೊಬೈಲಿನಲ್ಲಿ ತಮ್ಮ ಜಗಲಿಯ ಮೇಲೆ ಕಾಲು ಚಾಚಿ ಮಾತಾಡುತ್ತಾರೆ. 2003ರ ಮೇ ತಿಂಗಳಿಂದ ಮೊಬೈಲಿಗೆ ಬರುವ ಕರೆ ಉಚಿತವಾಯಿತು. ದುಡ್ಡಿಲ್ಲದವನೂ ಇನ್ನೊಬ್ಬರ ಹಂಗಿಲ್ಲದೆ ಕರೆ ಸ್ವೀಕರಿಸುವಂತಾಯಿತು. ಇದನ್ನು ಕಳೆದುಕೊಂಡು ಆ ಹಳೇ ಸ್ಟ್ಯಾಂಡಿನ ಫೋನನ್ನು ಮರಳಿ ತರಬೇಕು ಅನ್ನುವವರ ಜೊತೆ ನಾನಿಲ್ಲ.

ಹಾಗಾದರೆ ಅಪ್ಪಯ್ಯನ ಪ್ರಶ್ನೆಯನ್ನು ಏನು ಮಾಡೋದು?

ಆಲ್ಬರ್ಟ್ ಬೋರ್ಗ್‌ಮನ್ ಅನ್ನುವ ತತ್ತ್ವಶಾಸ್ತ್ರಜ್ಞ 1984ರಲ್ಲಿ ತಂತ್ರಜ್ಞಾನದ ಬಗ್ಗೆ ಬರೆದ ಪುಸ್ತಕದಲ್ಲಿ ಒಲೆಯ ಉದಾಹರಣೆ ಕೊಡುತ್ತಾನೆ. ಚಳಿ ದೇಶದ ಮನೆಗಳಲ್ಲಿ ಬೆಂಕಿಗೂಡು ಬರೀ ಕಾವು ಕೊಡುತ್ತಿರಲಿಲ್ಲ. ಸೌದೆ ಕಡಿಯುವವರು ಒಬ್ಬರು, ಉರಿ ಹಚ್ಚುವವರು ಒಬ್ಬರು, ಸಂಜೆಗೆ ಸುತ್ತ ಕೂರುವವರು ಎಲ್ಲರೂ. ಆಮೇಲೆ ಹೀಟಿಂಗ್ ಯಂತ್ರ ಬಂತು, ಕಾವು ಮನೆಯ ಮೂಲೆಮೂಲೆಗೂ ತಲುಪಿತು, ಅವರವರು ಅವರವರ ಕೋಣೆ ಸೇರಿದರು. ಬೇಕಾದ ವಸ್ತು ಸಿಕ್ಕಿತು, ಅದರ ಸುತ್ತಲಿನ ಕೆಲಸ ಮತ್ತು ಕೂಟ ಕಳಚಿಬಿತ್ತು ಅನ್ನುವುದು ಅವನ ವಾದ.

ನಮಗೆ ಇದನ್ನು ಅರ್ಥ ಮಾಡಿಕೊಳ್ಳಲು ಅಷ್ಟು ದೂರ ಹೋಗಬೇಕಿಲ್ಲ. ಅಣ್ಣತಮ್ಮಂದಿರು ಪಾಲಾದರೆ ನಮ್ಮ ಕಡೆ “ಅವರ ಒಲೆ ಬೇರೆ ಆಯ್ತು” ಅನ್ನುತ್ತಾರೆ. ಒಂದೇ ಸೂರಿನಡಿ ಇದ್ದರೂ ಒಲೆ ಎರಡಾದರೆ ಮನೆ ಎರಡು. ಲ್ಯಾಂಡ್‌ಲೈನ್ ಹೋಗಿ ಕೈಗೊಂದು ಮೊಬೈಲ್ ಬಂದಾಗ ಆದದ್ದು ಇದೇ. ಮಾತಿನ ಒಲೆ ಬೇರೆಯಾಯಿತು. ಬೇರೆ ಒಲೆಯಲ್ಲಿ ತಪ್ಪಿಲ್ಲ, ಎಷ್ಟೋ ಸೊಸೆಯಂದಿರು ಬೇರೆ ಒಲೆ ಹೂಡಿದ ಮೇಲೇ ಹೊಟ್ಟೆ ತುಂಬ ಉಂಡಿದ್ದಾರೆ. ಆದರೆ ಪಾಲು ಪಟ್ಟಿ ಮಾಡುವಾಗ ಪಾತ್ರೆಪಗಡೆ, ಗದ್ದೆ, ತೋಟ ಬರೆಯುವ ಹಾಗೆಯೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು ಯಾರು? ಫೋನು ಪಾಲಾದಾಗ ಯಾರೂ ಈ ಪಟ್ಟಿ ಮಾಡಲಿಲ್ಲ. ಹಕ್ಕು ಎಲ್ಲರಿಗೂ ಒಂದೊಂದು ಬಂತು, ಹೊಣೆ ಯಾರ ಪಾಲಿಗೂ ಬರಲಿಲ್ಲ.

ಒಂದು ಉದಾಹರಣೆ ಸಾಕು. ಮನೆಯ ಫೋನಿಗೆ “ಇಂಥವರು ತೀರಿಕೊಂಡರು” ಅಂತ ಬಂದರೆ ಎತ್ತಿದವರ ಮೇಲೆ ಆ ಸುದ್ದಿಯ ಭಾರ ಬೀಳುತ್ತಿತ್ತು. ತಿಳಿಸಬೇಕಾದವರಿಗೆಲ್ಲ ತಿಳಿಸುವವರೆಗೆ ಆ ಕೆಲಸ ಮುಗಿದಂತಲ್ಲ. ಈಗ ಅದೇ ಸುದ್ದಿ ಕುಟುಂಬದ ವಾಟ್ಸಾಪ್ ಗುಂಪಿಗೆ ಬೀಳುತ್ತದೆ. ನಲವತ್ತು ಜನ ನೋಡುತ್ತಾರೆ, ನಲವತ್ತೂ ಜನ ‘ಓಂ ಶಾಂತಿ’ ಹಾಕುತ್ತಾರೆ. ಗುಂಪಿನಲ್ಲಿ ಇಲ್ಲದ, ಸ್ಮಾರ್ಟ್‌ಫೋನೇ ಇಲ್ಲದ ದೊಡ್ಡಮ್ಮನಿಗೆ ಮಾತ್ರ ಯಾರೂ ಹೇಳಿರುವುದಿಲ್ಲ. ಎಲ್ಲರಿಗೂ ಗೊತ್ತಾಗಿದೆ ಎಂದು ಎಲ್ಲರೂ ಅಂದುಕೊಂಡಿರುತ್ತಾರೆ.

ಎರಡನೆಯದು ಇದಕ್ಕಿಂತ ಸೂಕ್ಷ್ಮ, ನನ್ನಂಥ ದುಡಿಯುವ ಮಕ್ಕಳಿಗೆ ನೇರ ಸಂಬಂಧಿಸಿದ್ದು. ಲ್ಯಾಂಡ್‌ಲೈನ್ ಬಿಲ್ಲಿನ ಮೇಲೆ ಅಪ್ಪಯ್ಯನ ಹೆಸರಿತ್ತು. ಅವರು ‘ಚಂದಾದಾರ’. ಪೇಟೆಗೆ ಹೋದಾಗ ತಾವೇ ಬಿಲ್ ಕಟ್ಟಿ, ರಸೀದಿಯನ್ನು ತಂತಿಗೆ ಚುಚ್ಚಿ ಇಡುತ್ತಿದ್ದರು. ಮೊಬೈಲ್ ಬ್ರಾಡ್‌ಬ್ಯಾಂಡಿಗೆ ಬದಲಾದಾಗ ಏನಾಗುತ್ತದೆ? ಸಿಮ್ ಮಗನ ಹೆಸರಲ್ಲಿ, ರೀಚಾರ್ಜ್ ಮಗನ ಆ್ಯಪಿನಲ್ಲಿ, ವೈಫೈ ಪಾಸ್‌ವರ್ಡ್ ಮಗನಿಗೆ ಮಾತ್ರ ಗೊತ್ತು. ಬ್ಯಾಂಕಿಗೆ ಕೊಟ್ಟ ನಂಬರೂ ಎಷ್ಟೋ ಸಲ ಮಗನದೇ. ಅಂದರೆ ತಮ್ಮದೇ ದುಡ್ಡನ್ನು ತಾವು ಮುಟ್ಟಬೇಕಾದರೆ ಬೆಂಗಳೂರಿನಲ್ಲಿ ಮೀಟಿಂಗಿನಲ್ಲಿ ಕೂತ ಮಗ ಒಟಿಪಿ ಓದಿ ಹೇಳಬೇಕು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳುವುದಾದರೆ ಅಪ್ಪ ‘ಯೂಸರ್’, ಮಗ ‘ಅಡ್ಮಿನ್’. ಡಯಲ್ಲಿನ ಬೀಗದ ಕೀಲಿ ಯಜಮಾನನ ಸೊಂಟದಿಂದ ಮಗನ ಫೋನಿಗೆ ಬಂದಿದೆ, ಅಷ್ಟೇ ವ್ಯತ್ಯಾಸ. ಪ್ರೀತಿಯಿಂದಲೇ ಮಾಡಿದ್ದು, ಸರಿ. ಬೀಗ ಹಾಕಿದ ಯಜಮಾನರೂ ಮನೆಯ ಒಳ್ಳೆಯದಕ್ಕೇ ಅಂತಲೇ ಹೇಳುತ್ತಿದ್ದರು.

ಒಬ್ಬರಿಗೆ ಅನುಕೂಲ ಮಾಡಿಕೊಡುವುದಕ್ಕೂ ಅವರನ್ನು ನಮ್ಮ ಕೈಕೆಳಗೆ ಇಟ್ಟುಕೊಳ್ಳುವುದಕ್ಕೂ ನಡುವೆ ಗೆರೆ ಎಲ್ಲಿದೆ? ನನಗೆ ತೋಚಿದ ಉತ್ತರ ಇಷ್ಟು: ನಾನು ನಾಳೆ ಫೋನ್ ಎತ್ತದಿದ್ದರೂ ಅವರ ಬದುಕು ನಡೆಯುವಂತಿದ್ದರೆ ಅದು ಅನುಕೂಲ. ನಡೆಯದಿದ್ದರೆ ಅದು ಹಿಡಿತ, ಅದಕ್ಕೆ ನಾವು ಯಾವ ಹೆಸರನ್ನೇ ಇಟ್ಟುಕೊಳ್ಳಲಿ.

ಈ ಲೆಕ್ಕದ ಮೇಲೆ ನಮ್ಮ ಮನೆಯಲ್ಲಿ ಕೆಲವು ತೀರ್ಮಾನಗಳಾದವು. ರೂಟರಿನ ಸಿಮ್ ಅಪ್ಪಯ್ಯನ ಹೆಸರಲ್ಲಿದೆ. ರೀಚಾರ್ಜ್ ನಾನು ಮಾಡುತ್ತೇನೆ ಎಂದೆ, “ನನ್ನ ಮನೆ ಫೋನಿನ ದುಡ್ಡು ನಾನು ಕಟ್ತೀನಿ” ಅಂದರು. ಪೇಟೆಯ ಅಂಗಡಿಯಲ್ಲಿ ಕಟ್ಟುತ್ತಾರೆ, ತಾರೀಖು ಕ್ಯಾಲೆಂಡರಿನಲ್ಲಿ ಬರೆದಿಡುತ್ತಾರೆ. ಅಮ್ಮನ ಬ್ಯಾಂಕ್ ಖಾತೆಗೆ ಅಮ್ಮನದೇ ನಂಬರು. ಒಟಿಪಿ ಅಂದರೇನು, ಯಾರಿಗೂ ಯಾಕೆ ಹೇಳಬಾರದು ಅಂತ ಒಂದು ಮಧ್ಯಾಹ್ನ ಕೂತು ಮಾತಾಡಿದೆವು. “ಹಾಗಾದ್ರೆ ನಿಂಗೂ ಹೇಳ್ಬಾರ್ದು ಅಲ್ವಾ?” ಅಂದಳು. ಹೌದಮ್ಮ, ನಂಗೂ ಹೇಳ್ಬಾರ್ದು.

ಹಳೇ ನಂಬರನ್ನು ಉಳಿಸಿಕೊಳ್ಳಲು ದಾರಿಯಿರಲಿಲ್ಲ. 2011ರ ಜನವರಿಯಲ್ಲಿ ದೇಶವಿಡೀ ಜಾರಿಯಾದ ನಂಬರ್ ಪೋರ್ಟಬಿಲಿಟಿ ಮೊಬೈಲಿನಿಂದ ಮೊಬೈಲಿಗೆ. ಲ್ಯಾಂಡ್‌ಲೈನ್ ನಂಬರನ್ನು ಸಿಮ್ಮಿಗೆ ಒಯ್ಯಲು ಆಗುವುದಿಲ್ಲ. ಹಾಗಾಗಿ ಒಂದು ಬಟನ್ ಫೋನು ತಂದು ಅದೇ ಸ್ಟ್ಯಾಂಡಿನ ಮೇಲೆ ಚಾರ್ಜರ್ ಸಮೇತ ಇಟ್ಟಿದ್ದೇವೆ. ಅದು ಯಾರದೂ ಅಲ್ಲ. ರಿಂಗಾದರೆ ಹತ್ತಿರ ಇದ್ದವರು ಎತ್ತಬೇಕು, ಕೆಲಸಕ್ಕೆ ಬಂದವರಿಗೆ ಬೇಕಾದರೆ ಒಳಗೆ ಬಂದು ಕುರ್ಚಿಯಲ್ಲಿ ಕೂತು ಮಾತಾಡಬೇಕು. ಇದಕ್ಕೆ ದಿನಕ್ಕೆ ಒಂದೆರಡು ಕರೆ ಬಂದರೆ ಹೆಚ್ಚು, ಅದರಲ್ಲಿ ಒಂದು ಸಾಲ ಬೇಕಾ ಎಂದು ಕೇಳುವವರದ್ದು. ಆದರೂ “ಮನೇಲಿ ಯಾರಿದ್ದೀರಿ?” ಅಂತ ಶುರುವಾಗುವ ಕರೆಗಳು ಇನ್ನೂ ಬರುತ್ತವೆ.

“ಇದೆಲ್ಲ ನಾಸ್ಟಾಲ್ಜಿಯಾ ಮಗಾ, ಒಂದು ಫೋನ್ ಇಟ್ಟ ಕೂಡ್ಲೇ ಕೂಡುಕುಟುಂಬ ಆಗ್ಬಿಡುತ್ತಾ?” ಅಂತ ಗೆಳೆಯನೊಬ್ಬ ನಕ್ಕ. ಆಗುವುದಿಲ್ಲ, ಅದು ಬೇಕಾಗಿಯೂ ಇಲ್ಲ. ಹಿಂದೆ ತಂತಿ ಗೋಡೆಗೆ ಕಟ್ಟಿಹಾಕಿದ್ದರಿಂದ ಇನ್ನೊಬ್ಬರ ಕರೆ ನಮ್ಮ ಹೊಣೆಯಾಗುತ್ತಿತ್ತು. ನಾವು ಒಳ್ಳೆಯವರಾಗಿದ್ದೆವು ಅಂತಲ್ಲ, ಬೇರೆ ದಾರಿ ಇರಲಿಲ್ಲ. ಈಗ ಯಾವ ತಂತಿಯೂ ನಮ್ಮನ್ನು ಹಿಡಿದಿಲ್ಲ. ಗುಂಪಿನಲ್ಲಿ ಇಲ್ಲದವರಿಗೆ ನಾನೇ ಒಂದು ಫೋನ್ ಮಾಡಿ ಹೇಳುತ್ತೇನೆ ಅಂತ ಯಾರಾದರೂ ಒಬ್ಬರು ಎದ್ದರೆ ಅದು ಅವರಾಗಿಯೇ ಹೊತ್ತ ಹೊಣೆ. ಹಳೇ ಕಾಲದ ಹೊಣೆಗಿಂತ ಅದಕ್ಕೆ ಬೆಲೆ ಹೆಚ್ಚು.

ನೀವೂ ಊರಿನ ಮನೆಯ ಕನೆಕ್ಷನ್ ಬದಲಾಯಿಸುವ ಯೋಚನೆಯಲ್ಲಿದ್ದರೆ ಖಂಡಿತ ಬದಲಾಯಿಸಿ. ವೇಗ ನೋಡಿ, ಟವರ್ ಎಷ್ಟು ದೂರ ನೋಡಿ, ಕರೆಂಟ್ ಹೋದರೆ ರೂಟರಿಗೆ ಇನ್ವರ್ಟರ್ ಇದೆಯಾ ನೋಡಿ. ಜೊತೆಗೆ ಅಪ್ಪ ಅಮ್ಮನ ಬ್ಯಾಂಕ್ ಖಾತೆಗೆ ಯಾರ ನಂಬರ್ ಇದೆ ಎಂದೂ ಒಮ್ಮೆ ನೋಡಿ.