ಸೂರು: ಉಪಕಾರವೋ, ಹಕ್ಕೋ?

ಊರು ಬಿಟ್ಟು ಬಂದವರಿಗೆ ಸೂರಿನ ಬೆಲೆಯನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊರನಾಡ ಕನ್ನಡಿಗರ ಚರಿತ್ರೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆಯಲು ಕುಳಿತರೆ ಅದರ ಮೊದಲ ಅಧ್ಯಾಯ ಸಂಘದ ಕಟ್ಟಡದಿಂದಲ್ಲ, ಹೋಟೆಲಿನ ಮೇಜಿನಿಂದ ಪ್ರಾರಂಭವಾಗಬೇಕಾದೀತು. ದಕ್ಷಿಣ ಕನ್ನಡದ ಹಳ್ಳಿಗಳಿಂದ ಮುಂಬಯಿಗೆ, ಮದರಾಸಿಗೆ, ಆಂಧ್ರದ ಪಟ್ಟಣಗಳಿಗೆ ಹೊರಟುಬಂದ ಹುಡುಗರು ಹಗಲೆಲ್ಲ ಲೋಟ ತೊಳೆದು, ರಾತ್ರಿ ಬಾಗಿಲು ಹಾಕಿದ ಮೇಲೆ ಅದೇ ಮೇಜುಗಳನ್ನು ಜೋಡಿಸಿಕೊಂಡು ಮಲಗಿದರು. ಮುಂಬಯಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೇ ಕನ್ನಡಿಗರ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದ್ದು ಇಂಥ ಹುಡುಗರಿಗಾಗಿಯೇ. ಅವರಲ್ಲಿ ಎಷ್ಟೋ ಮಂದಿ ಮುಂದೆ ತಾವೇ ಧಣಿಗಳಾದರು. ಇದು ನಾವು ಅಭಿಮಾನಪಡತಕ್ಕ ವಿಷಯವೇ ಸರಿ.

ಆದರೆ ಆ ಮೇಜು ಯಾರದಾಗಿತ್ತು ಎಂದು ನಾವು ಕೇಳುವುದು ಕಡಿಮೆ. ಮೇಜು ಧಣಿಯದು. ಕೆಲಸ ಹೋದ ದಿನವೇ ಹಾಸಿಗೆಯೂ ಹೋಯಿತು. ಧಣಿ ಒಳ್ಳೆಯವನಾಗಿದ್ದರೆ ಹುಡುಗನ ಪುಣ್ಯ. ಅಲ್ಲದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ಉಂಡ ಮನೆಯ ಜಂತೆ ಎಣಿಸಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅತಿಥಿಗೆ ಈ ಮಾತು ಭೂಷಣ. ಆದರೆ ಹದಿನೆಂಟು ವರ್ಷದ, ಹಿಂದಿರುಗಲು ಮನೆಯಿಲ್ಲದ ಒಬ್ಬ ಹುಡುಗನಿಗೆ ಇದನ್ನೇ ಹೇಳಿದರೆ, ಜಂತೆ ಮುರಿದು ತಲೆಯ ಮೇಲೆ ಬೀಳುತ್ತಿದ್ದರೂ ಸುಮ್ಮನಿರು ಎಂದಂತಾಗುವುದಿಲ್ಲವೇ?

ಹದಿನೆಂಟು ಎಂಬುದು ವಿಚಿತ್ರ ವಯಸ್ಸು. ಅದರ ಹಿಂದಿನ ದಿನದವರೆಗೆ ಅವನು ಮಗು. ಸರ್ಕಾರಕ್ಕೆ ಅವನ ಹೊಣೆಯುಂಟು. ಮಾರನೆಯ ದಿನ ಅವನು ಪ್ರಜೆ, ಹೊಣೆಯೆಲ್ಲ ಅವನದೇ. ನಮ್ಮ ಮನೆಗಳ ಮಕ್ಕಳು ಇಪ್ಪತ್ತೈದಾದರೂ ಅಮ್ಮನ ಕೈಯ ಅನ್ನ ಉಣ್ಣುತ್ತಾರೆ, ಅದನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ಬಾಲಮಂದಿರದಲ್ಲಿ ಬೆಳೆದವನು ಮಾತ್ರ ಹುಟ್ಟುಹಬ್ಬದ ದಿನ ಟ್ರಂಕು ಹಿಡಿದು ಹೊರಗೆ ನಿಲ್ಲಬೇಕು. 2015ರ ಬಾಲನ್ಯಾಯ ಕಾಯಿದೆ ಇದನ್ನು ಕಾಣದೆ ಇಲ್ಲ. ಹದಿನೆಂಟರಿಂದ ಇಪ್ಪತ್ತೊಂದರವರೆಗೆ ‘ನಂತರದ ಆರೈಕೆ’ ಎಂಬುದೊಂದನ್ನು ಅದು ಹೇಳುತ್ತದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಇದಕ್ಕೆ ತಿಂಗಳಿಗೆ 4,000 ರೂಪಾಯಿ ಎಂದು ಮೊತ್ತವನ್ನೂ ಗೊತ್ತುಮಾಡಿತು. ಆದರೆ ಕಾಯಿದೆಯ 46ನೆಯ ಕಲಮನ್ನು ಓದಿದರೆ ಅಲ್ಲಿರುವುದು ‘ಒದಗಿಸಬಹುದು’ ಎಂಬ ಮಾತು, ‘ಒದಗಿಸತಕ್ಕದ್ದು’ ಎಂಬುದಲ್ಲ. ಕಚೇರಿಗಳಲ್ಲಿ ಕೆಲಸ ಮಾಡಿದ ನಮ್ಮ ಓದುಗರಿಗೆ ಈ ಎರಡು ಪದಗಳ ನಡುವಿನ ಅಂತರವನ್ನು ವಿವರಿಸಬೇಕಾಗಿಲ್ಲ. ನಮ್ಮ ಪ್ರಶ್ನೆಯೆಲ್ಲ ಆ ಅಂತರದಲ್ಲೇ ಇದೆ.

ಬೇರೆ ಕಡೆ ಹೇಗೆ? ಬ್ರಿಟನ್ನಿನಲ್ಲಿ 1977ರ ಕಾಯಿದೆ ಮನೆಯಿಲ್ಲದವರ ಹೊಣೆಯನ್ನು ಸ್ಥಳೀಯ ಆಡಳಿತದ ಕರ್ತವ್ಯವಾಗಿಸಿತು. 2002ರಲ್ಲಿ ಇಂಗ್ಲೆಂಡಿನಲ್ಲಿ ಹದಿನಾರು-ಹದಿನೇಳರ ಹುಡುಗರನ್ನೂ, ಆರೈಕೆಯಿಂದ ಹೊರಬಂದ ಹದಿನೆಂಟರಿಂದ ಇಪ್ಪತ್ತರವರನ್ನೂ ಮೊದಲ ಸಾಲಿಗೆ ಸೇರಿಸಿದರು. ಅಲ್ಲಿಯೂ ಹುಡುಗರು ಬೀದಿಯಲ್ಲಿ ಮಲಗುವುದುಂಟು; ಆದರೆ ಮಲಗಿದವನು ಕಚೇರಿಯ ಬಾಗಿಲಲ್ಲಿ ನಿಂತು ‘ಇದು ನಿಮ್ಮ ಕರ್ತವ್ಯ’ ಎನ್ನಬಲ್ಲ.

ನಮ್ಮಲ್ಲಿ ಬೀದಿಯ ಮಕ್ಕಳ ಕೆಲಸಕ್ಕೆ ಮೊದಲು ಇಳಿದದ್ದು ಸೇವಾಸಂಸ್ಥೆಗಳು. 1980ರಲ್ಲಿ ಬೆಂಗಳೂರಿನಲ್ಲಿ ಸಲೇಶಿಯನ್ ಪಾದ್ರಿಗಳ ಪ್ರೇರಣೆಯಿಂದ ಹುಟ್ಟಿದ ಸಂಸ್ಥೆಯ ಹೆಸರೇ ‘ಬೆಂಗಳೂರು ಓಣಿಯವರ ಸೇವಾ ಕೂಟ’. ಅನಾಥರೆನ್ನದೆ ‘ಓಣಿಯವರು’ ಎಂದ ಆ ಮನಸ್ಸು ನಮಗೆ ಮೆಚ್ಚುಗೆಯಾಗಿದೆ. ಅದೇ ಸಭೆಯವರ ನವಜೀವನ ಬಾಲಭವನ 1989ರಿಂದ ವಿಜಯವಾಡದಲ್ಲಿ ರೈಲಿನಿಂದ ಇಳಿದುಬರುವ ಮಕ್ಕಳಿಗಾಗಿ ದುಡಿಯುತ್ತಿದೆ. ಅಷ್ಟು ದೊಡ್ಡ ಜಂಕ್ಷನ್ನಿನಲ್ಲಿ ಅದು ಎಷ್ಟು ಅಗತ್ಯವೆಂಬುದು ಪ್ಲಾಟ್‌ಫಾರಂ ಮೇಲೆ ಒಂದು ರಾತ್ರಿ ಕಳೆದವರಿಗೆ ಗೊತ್ತು.

ಇನ್ನು ನ್ಯಾಯಾಲಯಗಳ ಮಾತು. 1985ರಲ್ಲಿ ಮುಂಬಯಿಯ ಪಾದಚಾರಿ ದಾರಿಯ ನಿವಾಸಿಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆಯೆಂದಿತು. ಆದರೆ ಅದೇ ತೀರ್ಪು, ಮಳೆಗಾಲ ಮುಗಿದ ಮೇಲೆ ಅವರನ್ನು ಎಬ್ಬಿಸಲು ಅಡ್ಡಿಯಿಲ್ಲವೆಂದೂ ಹೇಳಿತು. ಹಕ್ಕು ಸಿಕ್ಕಿತು, ಜಾಗ ಹೋಯಿತು! ಮುಂದೆ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ನೂರು ಮಂದಿ ತಂಗುವ ಒಂದು ಆಶ್ರಯಗೃಹ, ತಲೆಗೆ 50 ಚದರಡಿ ಎಂಬ ಅಳತೆಯೂ ಬಂತು. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ಜನರನ್ನು ಮನೆಯಿಲ್ಲದವರೆಂದು ಎಣಿಸಿತು. ರಸ್ತೆಯ ಬದಿ, ಮೆಟ್ಟಿಲಡಿ, ಹ್ಯೂಮ್ ಪೈಪಿನೊಳಗೆ ಮಲಗಿದವರನ್ನು. ಸ್ನೇಹಿತನ ಕೋಣೆಯಲ್ಲಿ ನಾಲ್ಕು ರಾತ್ರಿ, ಇನ್ನೊಬ್ಬನ ಕೋಣೆಯಲ್ಲಿ ಎರಡು ರಾತ್ರಿ ಎಂದು ದಿನ ದೂಡುವ ಹುಡುಗ ಈ ಲೆಕ್ಕಕ್ಕೆ ಸಿಗುವವನಲ್ಲ.

ಅಂಥವರು ಎಷ್ಟಿದ್ದರೆಂಬುದು ಒಮ್ಮೆ ಹಾಡಹಗಲಲ್ಲೇ ಕಂಡಿತು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಪ್ರಾರಂಭವಾದ ದಿನ, ಹೈದರಾಬಾದಿನ ಅನೇಕ ಹಾಸ್ಟೆಲುಗಳು ಹುಡುಗ ಹುಡುಗಿಯರಿಗೆ ಕೋಣೆ ಖಾಲಿ ಮಾಡಲು ಹೇಳಿದವು. ಅವರು ಪೊಲೀಸರ ಚೀಟಿ ಪಡೆದು ವಿಜಯವಾಡದ ಹೆದ್ದಾರಿಯಲ್ಲಿ ಹೊರಟರೆ ಗರಿಕಪಾಡು ತನಿಖಾ ಠಾಣೆಯಲ್ಲಿ ಆಂಧ್ರದ ಗಡಿ ಮುಚ್ಚಿತ್ತು. ಓದಿದವರು, ಸಂಬಳದವರು, ಬಾಡಿಗೆ ಕೊಟ್ಟವರು. ಆದರೂ ಎರಡು ರಾಜ್ಯಗಳ ನಡುವೆ ರಸ್ತೆಯ ಮೇಲೆ ನಿಂತರು. ನಾಲ್ಕು ದಿನದ ಮೇಲೆ ಕೇಂದ್ರ ಗೃಹ ಮಂತ್ರಾಲಯ, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತವಾಗಿ ಹೊರಹಾಕುವ ಮಾಲೀಕರ ಮೇಲೆ ಕ್ರಮ ಕೈಗೊಳ್ಳಬೇಕೆಂದು ಆಜ್ಞೆ ಹೊರಡಿಸಿತು. ಹಾಸ್ಟೆಲಿನಲ್ಲಿರುವವನು ಸಾಮಾನ್ಯವಾಗಿ ಕಾನೂನಿನ ಕಣ್ಣಿಗೆ ಬಾಡಿಗೆದಾರನೇ ಅಲ್ಲ, ಮಾಲೀಕನ ಅನುಮತಿಯ ಮೇಲೆ ಇರುವವನು. ಇದು ಅಂದು ಎಲ್ಲರಿಗೂ ಅರ್ಥವಾಯಿತು. ಮೇಜಿನ ಮೇಲೆ ಮಲಗಿದ ಹುಡುಗನಿಗೂ ಇವನಿಗೂ ಏನು ಭೇದ?

ವಿಶಾಖಪಟ್ಟಣದ ಬಳಿಯ ಪರವಾಡಕ್ಕೆ ಹೋದರೆ ಅದೇ ಕಥೆ ಬೇರೆ ರೂಪದಲ್ಲಿ ಕಾಣುತ್ತದೆ. ಔಷಧ ನಗರಿಯ ಕಾರ್ಖಾನೆಗಳಿಗೆ ನಾನಾ ರಾಜ್ಯಗಳಿಂದ ಬಂದ ಹುಡುಗರು ಸುತ್ತಲಿನ ಊರುಗಳಲ್ಲಿ ಒಂದು ಕೋಣೆಗೆ ನಾಲ್ವರಂತೆ ಇದ್ದಾರೆ. ಕೋಣೆ ಗುತ್ತಿಗೆದಾರ ಕೊಡಿಸಿದ್ದಾದರೆ, ಸುರಕ್ಷತೆಯಿಲ್ಲದ ಕೆಲಸವನ್ನು ಒಲ್ಲೆ ಎನ್ನುವ ಮೊದಲು ಹುಡುಗ ಇಂದು ರಾತ್ರಿ ಎಲ್ಲಿ ಮಲಗಲಿ ಎಂದು ಯೋಚಿಸಬೇಕು. ಮನೆಯವರು ಗೊತ್ತುಮಾಡಿದ ಗಂಡನ್ನು ಒಲ್ಲೆ ಎನ್ನುವ ಹತ್ತೊಂಬತ್ತರ ಹುಡುಗಿಗೂ ಅದೇ ಯೋಚನೆ. ಒಲ್ಲೆ ಎನ್ನುವ ಶಕ್ತಿ ಇರುವುದು ನಾಲಿಗೆಯಲ್ಲಲ್ಲ, ಬಾಗಿಲ ಬೀಗದ ಕೈಯಲ್ಲಿ. ಸೂರನ್ನು ಹಕ್ಕೆನ್ನಲು ನಮಗೆ ಇದಕ್ಕಿಂತ ದೊಡ್ಡ ಕಾರಣ ತೋರುವುದಿಲ್ಲ.

ಹಕ್ಕು ಬಂದರೆ ಕರುಣೆ ಸಾಯುವುದೆಂದು ಆಕ್ಷೇಪಿಸುವವರಿದ್ದಾರೆ. ‘ನಾವು ಕಷ್ಟಪಟ್ಟೇ ಮೇಲೆ ಬಂದೆವು’ ಎನ್ನುವ ಹಿರಿಯರೂ ಇದ್ದಾರೆ. ಮೇಲೆ ಬಾರದವರು ಸಭೆಗೆ ಬಂದು ಮಾತನಾಡುವುದಿಲ್ಲ, ಅಷ್ಟೆ. ಮೊದಲ ಆಕ್ಷೇಪಕ್ಕೆ ಶರಣರ ದಾಸೋಹವನ್ನು ನೆನೆಯಬಹುದು. ಅಲ್ಲಿ ದಾಸನಾಗಿ ನಿಲ್ಲುವವನು ಕೊಡುವವನು, ಉಣ್ಣುವವನಲ್ಲ. ಪಡೆಯುವವನ ತಲೆ ತಗ್ಗಬಾರದೆಂಬ ವಿಚಾರ ನಮಗೆ ಹೊರಗಿನಿಂದ ಬಂದದ್ದೇನಲ್ಲ.

ಹಾಗೆಂದು ಎಲ್ಲವನ್ನೂ ಸರ್ಕಾರಕ್ಕೆ ಬಿಟ್ಟು ನಾವು ರಾಜ್ಯೋತ್ಸವ ಮಾಡಿಕೊಂಡಿರೋಣ ಎಂಬುದು ನಮ್ಮ ಅಭಿಪ್ರಾಯವಲ್ಲ. ಹೊಸ ಊರಿನಲ್ಲಿ ಹುಡುಗನಿಗೆ ಕೋಣೆ ಸಿಗದಿರುವುದು ಬಾಡಿಗೆಯ ಹಣವಿಲ್ಲದೆ ಮಾತ್ರವಲ್ಲ. ಮುಂಗಡವಿಲ್ಲ, ವಿಳಾಸವಿಲ್ಲ, ‘ಇವನು ನಮ್ಮವನು’ ಎನ್ನಲು ಯಾರೂ ಇಲ್ಲ. ಇದು ಸಂಘಗಳು ಮಾಡಬಲ್ಲ ಕೆಲಸ. ಎರಡು ತಿಂಗಳ ಮುಂಗಡಕ್ಕೆ ಒಂದು ಸಣ್ಣ ನಿಧಿ, ಕರಾರು ಪತ್ರಕ್ಕೆ ಸಂಘದ ಜಾಮೀನು. ಕೋಣೆಯ ಕರಾರು ಮಾತ್ರ ಹುಡುಗನ ಅಥವಾ ಹುಡುಗಿಯ ಹೆಸರಿನಲ್ಲೇ ಇರಬೇಕು. ಜಾತಿ ಕೇಳಕೂಡದು, ಅಪ್ಪನ ಒಪ್ಪಿಗೆ ಪತ್ರ ಕೇಳಕೂಡದು, ಭಾನುವಾರದ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸಲು ಬಾ ಎಂದೂ ಕರೆಯಕೂಡದು. ಹುಡುಗ ಹೇಳದೆ ಓಡಿಹೋದರೆ ಹಣ ಯಾರು ಕೊಡುತ್ತಾರೆಂದು ಮಹಾಸಭೆಯಲ್ಲಿ ಯಾರಾದರೂ ಎದ್ದು ಕೇಳುವುದು ಖಂಡಿತ. ಸಂಘವೇ ಕೊಡುತ್ತದೆ. ನಿಧಿ ಇರುವುದು ಅದಕ್ಕೇ.